ಬಿಲ್ಲಿನಲ್ಲಿ ಇಲ್ಲದ ಖರ್ಚು: ಕೊಡಗಿನಲ್ಲಿ ಕಾಯಿಲೆಯ ಕೂಲಿ ಯಾರು ಕೊಡುತ್ತಾರೆ?

ಸರ್ಕಾರಿ ಆಸ್ಪತ್ರೆಯ ಯಾವ ವಾರ್ಡಿಗೆ ಹೋದರೂ ರೋಗಿಯ ಹೆಸರು, ವಯಸ್ಸು ಬರೆದುಕೊಂಡ ಮೇಲೆ ಕೇಳುವ ಪ್ರಶ್ನೆ ಒಂದೇ: ‘ಪೇಷಂಟ್ ಕಡೆಯವರು ಯಾರಿದ್ದೀರಿ?’ ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ರಿಪೋರ್ಟ್ ತರುವುದು, ಔಷಧದ ಚೀಟಿ ಹಿಡಿದು ಕ್ಯೂ ನಿಲ್ಲುವುದು, ಡ್ರಿಪ್ ಮುಗಿಯುತ್ತಾ ಬಂತೆಂದು ಸಿಸ್ಟರನ್ನು ಕರೆಯುವುದು, ಸ್ಟ್ರೆಚರ್ ತಳ್ಳುವುದು, ಬೆಡ್‌ಪ್ಯಾನ್ ಇಟ್ಟು ತೆಗೆಯುವುದು, ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅರೆನಿದ್ದೆಯಲ್ಲೇ ರೋಗಿಯ ಕಡೆ ಕಿವಿ ಇಟ್ಟಿರುವುದು, ಎಲ್ಲವೂ ಈ ಕಡೆಯವರ ಪಾಲಿನ ಕೆಲಸ. ಸಂಬಳದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಒಂದು ದಿನ ಅವರೆಲ್ಲ ಎದ್ದು ಮನೆಗೆ ಹೋದರೆ ವಾರ್ಡ್ ನಡೆಯುವುದಿಲ್ಲ.

ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಸರ್ಕಾರಿ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಈ ಲೆಕ್ಕ ಓದಿ ನಗು ಬರಬಹುದು. ಆ ಕೊರತೆಯನ್ನು ತುಂಬುತ್ತಿರುವವರು ರೋಗಿಯ ಹೆಂಡತಿ, ಸೊಸೆ, ಮಗಳು, ತಂಗಿ. ಒಮ್ಮೊಮ್ಮೆ ಮಗ.

ಇದನ್ನು ‘ನಮ್ಮವರನ್ನು ನಾವು ನೋಡಿಕೊಳ್ಳುವುದು’ ಎನ್ನುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ನೋಡಿಕೊಳ್ಳುವಿಕೆಗೂ ಒಂದು ಬೆಲೆ ಇದೆ, ಅದನ್ನು ಯಾರೋ ಒಬ್ಬರು ಪ್ರತಿದಿನ ಕಟ್ಟುತ್ತಿದ್ದಾರೆ. ಕೊಡಗಿನಂಥ ಜಿಲ್ಲೆಯಲ್ಲಿ ಅದು ಬಯಲುಸೀಮೆಯ ಪಟ್ಟಣಗಳಿಗಿಂತ ದುಬಾರಿ.

ಏಕೆ ದುಬಾರಿ ಎಂಬುದಕ್ಕೆ ನಕ್ಷೆ ನೋಡಿದರೆ ಸಾಕು. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಜನ. ಇಲ್ಲಿ ಮನೆಗಳು ಸಾಲಾಗಿ ಕೂತು ಊರಾಗಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ, ಗೇಟಿನಿಂದ ಒಳಗೆ ಅರ್ಧ ಮೈಲಿ. ತೋಟದ ಕೂಲಿಯವರ ಲೈನ್ ಮನೆಗಳು ಅದಕ್ಕೂ ಆಚೆ, ಬುಡಕಟ್ಟಿನವರ ಹಾಡಿಗಳು ಕಾಡಿನ ಅಂಚಿನಲ್ಲಿ. ರೈಲು ಈ ಜಿಲ್ಲೆಯನ್ನು ಮುಟ್ಟಿಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಜಿಲ್ಲಾಸ್ಪತ್ರೆ ಅದರ ಜೊತೆ ಸೇರಿದೆ. ಆದರೂ ಹೃದಯ, ಮಿದುಳು, ಕ್ಯಾನ್ಸರ್ ಎಂದೊಡನೆ ಜನ ಹೊರಡುವುದು 120 ಕಿಲೋಮೀಟರ್ ದೂರದ ಮೈಸೂರಿಗೆ, ಇಲ್ಲವೇ ಘಟ್ಟ ಇಳಿದು ಸುಳ್ಯ, ಮಂಗಳೂರಿಗೆ. ದಕ್ಷಿಣ ಕೊಡಗಿನವರಾದರೆ ಮಾಕುಟ್ಟ ಘಾಟಿ ದಾಟಿ ಕೇರಳದ ಕಣ್ಣೂರಿಗೆ. 2019ರಲ್ಲಿ ‘ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು’ ಎಂದು ಇಲ್ಲಿನ ಯುವಕರು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನ ನಡೆಸಿದ್ದು ಇದೇ ಕಾರಣಕ್ಕೆ. ಅಭಿಯಾನದ ಮಾತೆಲ್ಲ ಇದ್ದದ್ದು ದಾರಿಯಲ್ಲೇ ಹೋಗುವ ಜೀವಗಳ ಬಗ್ಗೆ. ಇರಲೇಬೇಕಾದ್ದು. ಆದರೆ ದೂರ ಬರೀ ಜೀವ ತೆಗೆಯುವುದಿಲ್ಲ, ದಿನಗಳನ್ನೂ ತೆಗೆಯುತ್ತದೆ. ಆ ಮಾತು ಚರ್ಚೆಗೆ ಬಂದದ್ದು ಕಡಿಮೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ರಲ್ಲಿ ಶೇ 39.4ಕ್ಕೆ ಇಳಿಯಿತು. ಸಣ್ಣ ಸಾಧನೆಯಲ್ಲ. ಕರ್ನಾಟಕದಲ್ಲಿ 2018ರಿಂದ ಇರುವ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು ಸಿಗುತ್ತದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಬಿಲ್ಲಿನ ಭಾರ ಇಳಿದದ್ದು ನಿಜ.

ಆದರೆ ಜೇಬಿನ ಖರ್ಚಿನ ಈ ಲೆಕ್ಕಕ್ಕೆ ಜೊತೆಗೆ ಹೋದವರ ಕಳೆದುಹೋದ ಕೂಲಿ ಸೇರುವುದಿಲ್ಲ. ಅವರ ಊಟ, ವಸತಿ ಸೇರುವುದಿಲ್ಲ. ಮನೆಯಲ್ಲಿ ಮಲಗಿದವರನ್ನು ಮೂರು ವರ್ಷ ಎತ್ತಿ ಮಲಗಿಸಿದ ಸೊಸೆಯ ದುಡಿಮೆಯಂತೂ ದೂರದ ಮಾತು. ಯೋಜನೆಯೊಂದು ಬಿಲ್ಲು ಕಟ್ಟಿ, ರೋಗಿಯನ್ನು 120 ಕಿಲೋಮೀಟರ್ ದೂರ ಕಳಿಸಿ, ಜೊತೆಗೊಬ್ಬರನ್ನು ಹತ್ತು ದಿನ ಅಲ್ಲಿ ಕೂರಿಸಿದರೆ ಕಾಗದದ ಮೇಲೆ ಖರ್ಚು ಸೊನ್ನೆ. ದೊಡ್ಡ ಚಿಕಿತ್ಸೆಗೆ ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅದಕ್ಕೊಂದು ದಿನ. ಡಾಕ್ಟರು ಆವತ್ತು ರಜೆಯಾದರೆ ಎರಡು ದಿನ.

ಡಯಾಲಿಸಿಸ್ ತೆಗೆದುಕೊಳ್ಳಿ. ರಾಜ್ಯದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತ. ಒಳ್ಳೆಯ ವ್ಯವಸ್ಥೆ, ಎಷ್ಟೋ ಮನೆಗಳನ್ನು ಉಳಿಸಿದೆ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ವಾರಕ್ಕೆ ಎರಡು ಅಥವಾ ಮೂರು ಸಲ. ತೋಟದ ಒಳಗಿನಿಂದ ಟಾರ್ ರಸ್ತೆಗೆ ನಡಿಗೆ ಇಲ್ಲವೇ ಬಾಡಿಗೆ ಜೀಪು, ಅಲ್ಲಿಂದ ಬಸ್ಸು, ಆಸ್ಪತ್ರೆಯಲ್ಲಿ ಸರದಿ, ಮುಗಿದ ಮೇಲೆ ತಲೆಸುತ್ತು ನಿಲ್ಲುವವರೆಗೆ ಬೆಂಚಿನ ಮೇಲೆ ಕೂರುವುದು, ಮತ್ತೆ ಬಸ್ಸು. ನಾಲ್ಕು ಗಂಟೆಯ ಚಿಕಿತ್ಸೆ ಇಡೀ ದಿನ ನುಂಗುತ್ತದೆ. ವಾರಕ್ಕೆ ಎರಡೇ ಎಂದಿಟ್ಟುಕೊಂಡರೂ ವರ್ಷಕ್ಕೆ 104 ದಿನ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಜೊತೆಗೆ ಹೋಗುವ ಒಬ್ಬರು ಕಳೆದುಕೊಳ್ಳುವುದು 38,480 ರೂಪಾಯಿ. ವಾರಕ್ಕೆ ಮೂರಾದರೆ 57,720. ರೋಗಿಯ ಕೂಲಿ ಮೊದಲೇ ನಿಂತಿರುತ್ತದೆ, ಅದನ್ನು ಇದರಲ್ಲಿ ಸೇರಿಸಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ವರ್ಷಕ್ಕೆ 24,000 ಆಗುತ್ತದೆ. ಉಚಿತ ಚಿಕಿತ್ಸೆಯ ಬೆನ್ನಿಗೇ ಬರುವ ಈ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು.

ಶಕ್ತಿ ಯೋಜನೆಯನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮೈಸೂರಿಗೆ ರೋಗಿಯ ಜೊತೆ ಹೋಗಿಬರುವ ತಾಯಂದಿರಿಗೆ ಅದು ದೊಡ್ಡ ಆಸರೆ. ಆದರೆ ಕೊಡಗಿನ ಒಳದಾರಿಗಳಲ್ಲಿ ಓಡುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು, ಅಲ್ಲಿ ಈ ಯೋಜನೆ ನಡೆಯದು. ಇನ್ನೊಂದು ಅಡ್ಡಪರಿಣಾಮವೂ ಇದೆ. ಹೆಂಗಸಿಗೆ ಬಸ್ಸು ಉಚಿತ, ಅವಳ ಕೂಲಿ ಗಂಡಸಿಗಿಂತ ಕಡಿಮೆ ಎಂದಾಗ ಜೊತೆಗೆ ಯಾರು ಹೋಗಬೇಕೆಂಬ ಪ್ರಶ್ನೆ ಮನೆಯಲ್ಲಿ ಏಳುವುದೇ ಇಲ್ಲ.

ಈ ದಿನಗಳ ಬೆಲೆ ವರ್ಷವಿಡೀ ಒಂದೇ ಅಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಗ ಕೂಲಿ ಕಿಲೋ ಲೆಕ್ಕದಲ್ಲಿ. ಕೈ ಚುರುಕಾದ ಹೆಂಗಸು ದಿನಗೂಲಿಗಿಂತ ಹೆಚ್ಚು ದುಡಿಯುವ, ವರ್ಷದ ಸಾಲ ತೀರಿಸಿಕೊಳ್ಳುವ ಕಾಲ ಅದು. ಜನವರಿಯಲ್ಲಿ ಮಗುವಿಗೆ ನ್ಯುಮೋನಿಯಾ ಬಂದು ಹತ್ತು ದಿನ ಆಸ್ಪತ್ರೆಯಲ್ಲಿ ಕೂತರೆ ಹೋಗುವುದು ಹತ್ತು ದಿನದ ಕೂಲಿಯಷ್ಟೇ ಅಲ್ಲ, ಆ ವರ್ಷದ ಉಳಿತಾಯ. ಜುಲೈಯಲ್ಲಾದರೆ ತೋಟದಲ್ಲಿ ಕೆಲಸವೇ ಕಡಿಮೆ, ಆದರೆ ದಾರಿಯ ಮೇಲೆ ಮರ ಬಿದ್ದಿರುತ್ತದೆ, ಗುಡ್ಡದ ಬರೆ ಜರಿದಿರುತ್ತದೆ. ಸಣ್ಣ ಬೆಳೆಗಾರನ ಪಾಡೂ ಭಿನ್ನವಲ್ಲ. ಎರಡು ಎಕರೆಯವನು ಹೆಂಡತಿ ಮಕ್ಕಳ ಜೊತೆ ತಾನೇ ಕುಯ್ಯುವವನು. ಹೆಂಡತಿ ಅವ್ವನ ಜೊತೆ ಆಸ್ಪತ್ರೆ ಸೇರಿದರೆ ಆಳು ಹಿಡಿಯಬೇಕು, ಕುಯ್ಲಿನಲ್ಲಿ ಆಳು ಎಲ್ಲಿ ಸಿಕ್ಕಬೇಕು.

ತೋಟದ ಕಾರ್ಮಿಕರ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ಇದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ, ವಸತಿ, ಕೂಸಿನ ಮನೆ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. 1981ರ ತಿದ್ದುಪಡಿಯ ನಂತರ ಅದು ಅನ್ವಯಿಸಿದ್ದು ಐದು ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ, ಹದಿನೈದು ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ. ದೊಡ್ಡ ಕಂಪನಿ ಎಸ್ಟೇಟುಗಳಲ್ಲಿ ಡಿಸ್ಪೆನ್ಸರಿ, ಕಾಂಪೌಂಡರ್ ಕಂಡದ್ದು ಹೀಗೆ. ಆದರೆ ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಎಂದರೆ ಬಹುಪಾಲು ತೋಟಗಳು, ಅಲ್ಲಿ ದುಡಿಯುವ ಯರವ, ಜೇನುಕುರುಬ, ಬೆಟ್ಟಕುರುಬ, ಪಣಿಯರು, ಈಚೆಗೆ ಅಸ್ಸಾಮಿನಿಂದ ಬಂದವರು ಕಾನೂನಿನ ಗೆರೆಯ ಆಚೆ ಅಥವಾ ಗೆರೆಯ ಮೇಲೆ. ಆಳುಗಳನ್ನು ಗುಂಪಾಗಿ ಕರೆತರುವ ಮೇಸ್ತ್ರಿಯ ಕೈಕೆಳಗೆ ತಿಂಗಳಿಗೊಂದು ತೋಟ ಬದಲಿಸುವವರ ಹೆಸರು ಯಾವ ಮಾಲೀಕನ ಪುಸ್ತಕದಲ್ಲೂ ಇರುವುದಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಆ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ವ್ಯವಸ್ಥೆ ಬಂದಿದೆ. ಸಾಮಾಜಿಕ ಭದ್ರತಾ ಸಂಹಿತೆಯಡಿ ತೋಟದ ಮಾಲೀಕರು ಬೇಕೆಂದರೆ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐ ಸೇರಬಹುದು. ‘ಬೇಕೆಂದರೆ’ ಎಂಬಲ್ಲಿಗೇ ಮಾತು ನಿಂತಿರುವುದು ಕೊರತೆ. ಇಎಸ್‌ಐಯಲ್ಲಿ ಒಂದು ಗುಣವಿದೆ: ವಿಮೆ ಇರುವ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಕೈಗೆ ಬರುತ್ತದೆ. ಕಾಯಿಲೆ ಎಂದರೆ ಔಷಧದ ಖರ್ಚು ಮಾತ್ರವಲ್ಲ, ಕೆಲಸ ತಪ್ಪಿದ ದಿನವೂ ಹೌದೆಂದು ಅಲ್ಲಿ ಒಪ್ಪಿದ್ದಾರೆ. ಆದರೆ ಆ ದುಡ್ಡು ಕಾಯಿಲೆಯಾದವರಿಗೆ. ಕಾಯಿಲೆಯ ಮಗುವಿನ ಪಕ್ಕ ಕೂತ ತಾಯಿ ಕಾರ್ಮಿಕಳೇ ಆಗಿದ್ದರೂ ಅವಳಿಗೆ ಆ ಭತ್ಯೆ ಇಲ್ಲ.

ಹಾಗಾದರೆ ಲೈನ್ ಮನೆಯವರು ಏನು ಮಾಡುತ್ತಾರೆ? ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ ಮುಂದೆ ನಿಲ್ಲುತ್ತಾರೆ.

‘ರೈಟರೇ, ಮಗೀಗೆ ಹುಷಾರಿಲ್ಲ, ಮಡಿಕೇರಿಗೆ ಹೋಗ್ಬೇಕು.’

‘ಹೋಗಿ ಬಾ. ಹಾಜರಿ ಇರೋದಿಲ್ಲ ಅಷ್ಟೇ.’

‘ಒಂಚೂರು ದುಡ್ಡೂ ಬೇಕಿತ್ತು.’

‘ಸಾಹುಕಾರ್ರಿಗೆ ಹೇಳಿ ಮುಂಗಡಕ್ಕೆ ಬರೀತೀನಿ.’

ಈ ಮಾತುಕತೆ ಯಾವ ತೋಟದಲ್ಲಾದರೂ ನಡೆಯುವಂಥದ್ದು. ರೈಟರ್ ಕೆಟ್ಟವನಲ್ಲ, ಸಾಹುಕಾರರು ದುಡ್ಡು ಕೊಟ್ಟೂ ಕೊಡುತ್ತಾರೆ. ರಾತ್ರಿ ಹನ್ನೆರಡಕ್ಕೆ ತಮ್ಮ ಜೀಪಿನಲ್ಲೇ ಹೆರಿಗೆಗೆ ಕರೆದೊಯ್ದ ಮಾಲೀಕರೂ ಬೇಕಾದಷ್ಟಿದ್ದಾರೆ. ಆದರೆ ಲೆಕ್ಕದ ಪುಸ್ತಕ ಕರುಣೆಯಿಂದ ನಡೆಯುವುದಿಲ್ಲ. ಕಾಯಿಲೆಯ ದಿನಗಳಿಗೆ ಹಾಜರಿ ಇಲ್ಲ, ಅದರ ಮೇಲೆ ಮುಂಗಡ ಏರಿತು. ಮುಂದಿನ ವಾರದ ಬಟವಾಡೆಯಿಂದ ಅದನ್ನು ಮುರಿದುಕೊಳ್ಳುತ್ತಾರೆ. ಮುಂಗಡ ತೀರುವವರೆಗೆ ಬೇರೆ ತೋಟದಲ್ಲಿ ಹೆಚ್ಚು ಕೂಲಿ ಸಿಕ್ಕರೂ ಹೋಗುವಂತಿಲ್ಲ ಎಂಬ ಒಪ್ಪಂದ ಬಾಯಲ್ಲಿ ಆಡದೆಯೇ ಇರುತ್ತದೆ. 1976ರಲ್ಲೇ ಜೀತ ನಿರ್ಮೂಲನಾ ಕಾಯ್ದೆ ಬಂತು. ಸಾಲಕ್ಕೆ ಕಟ್ಟಿಬಿದ್ದ ದುಡಿಮೆ ಅದರ ವ್ಯಾಖ್ಯೆಯ ತಿರುಳು. ಆಸ್ಪತ್ರೆಯ ಮುಂಗಡ ಯಾವ ಹಂತದಲ್ಲಿ ಆ ಗೆರೆ ದಾಟುತ್ತದೆ ಎಂಬುದು ತೋಟದಿಂದ ತೋಟಕ್ಕೆ ಬೇರೆ. ಗೆರೆಯ ಹತ್ತಿರ ಜನರನ್ನು ತಂದು ನಿಲ್ಲಿಸುವುದರಲ್ಲಿ ಕಾಯಿಲೆಯ ಪಾತ್ರ ಮದುವೆಯದ್ದಕ್ಕಿಂತ ಕಡಿಮೆಯೇನಲ್ಲ.

ದೊಡ್ಡ ಮನೆಗಳ ಕಷ್ಟ ಬೇರೆ ಬಗೆಯದು. 2001ರಿಂದ 2011ರವರೆಗೆ ಕೊಡಗಿನ ಜನಸಂಖ್ಯೆ ಬೆಳೆದದ್ದು ಶೇ 1.09 ಮಾತ್ರ. ಮಕ್ಕಳು ಬೆಂಗಳೂರಲ್ಲೋ ವಿದೇಶದಲ್ಲೋ. ತೋಟದ ನಡುವಿನ ಮನೆಯಲ್ಲಿ ಎಂಬತ್ತು ದಾಟಿದ ಇಬ್ಬರು, ಒಂದು ನಾಯಿ. ಅಜ್ಜ ಜಾರಿಬಿದ್ದು ಸೊಂಟ ಮುರಿದರೆ ಹೋಂ ನರ್ಸಿಗೆ ಫೋನು ಹೋಗುತ್ತದೆ, ಸಿಗದಿದ್ದರೆ ಲೈನ್ ಮನೆಯಿಂದ ಒಬ್ಬಳು ಬರುತ್ತಾಳೆ. ಬೆಳಿಗ್ಗೆಯಿಂದ ಸಂಜೆವರೆಗೆ ಅಜ್ಜನ ಪಕ್ಕ ಅವಳು. ಅವಳದೇ ಮುದಿತಾಯಿ ಲೈನ್ ಮನೆಯಲ್ಲಿ ಮಲಗಿದ್ದರೆ ಅಲ್ಲಿ ಯಾರು? ಹತ್ತು ಹನ್ನೆರಡು ವರ್ಷದ ಮಗಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ‘ಗೈರು’ ಎಂದು ಬೀಳುತ್ತದೆ. ಆರೈಕೆಯ ಸರಪಳಿಯ ಕೊನೆಯ ಕೊಂಡಿ ಅವಳು. ಮೇಲಿನ ತುದಿಯಲ್ಲಿ ದುಡ್ಡಿದೆ, ಕೆಳಗಿಳಿದಂತೆ ಅದು ಕರಗುತ್ತಾ ಬಂದು ಕೊನೆಗೆ ಬರೀ ಕೆಲಸ ಉಳಿಯುತ್ತದೆ.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಜನ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ 21.4, ಅವರದ್ದು 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಅಡುಗೆ, ನೀರು, ಬಟ್ಟೆಯ ಸಮಯ ಬೇರೆ.

ಇನ್ನು ಆಶಾ ಕಾರ್ಯಕರ್ತೆಯರ ವಿಷಯ. ಮನೆಯ ಹೆಂಗಸರ ದುಡಿಮೆ ಲೆಕ್ಕಕ್ಕೆ ಸಿಗದಿರುವುದು ಸಮಾಜದ ರೂಢಿ ಎನ್ನೋಣ. ಆಶಾಗಳ ದುಡಿಮೆಯನ್ನು ಲೆಕ್ಕದಿಂದ ಹೊರಗಿಟ್ಟದ್ದು ಸರ್ಕಾರವೇ, ಅದೂ ಬರವಣಿಗೆಯಲ್ಲಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಅವರನ್ನು ಕರೆದದ್ದು ಸ್ವಯಂಸೇವಕಿ ಎಂದು. ಆದ್ದರಿಂದ ಸಂಬಳವಿಲ್ಲ, ಗೌರವಧನ. ಕೆಲಸದ ಗಂಟೆಯಿಲ್ಲ, ಕೆಲಸಕ್ಕೊಂದು ಪ್ರೋತ್ಸಾಹಧನ. ಸಾವಿರ ಜನಕ್ಕೆ ಒಬ್ಬರು ಎಂಬ ಲೆಕ್ಕ ಬಯಲಿನ ಊರಿಗೆ ಸರಿ. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ತೋಟ ಇಳಿದು ಗದ್ದೆ ದಾಟಿ ಇನ್ನೊಂದು ತೋಟ ಹತ್ತುವುದು. ಸಿದ್ದಾಪುರದ ಕಡೆಯಾದರೆ ಕಾಫಿ ಗಿಡದ ಹಿಂದೆ ಆನೆ ನಿಂತಿದೆಯೇ ಎಂದು ಮೊದಲು ಫೋನು ಮಾಡಿ ಕೇಳಿಕೊಳ್ಳಬೇಕು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಿಗೆ ನಿಯಮದಲ್ಲಿ ಸಡಿಲಿಕೆ ಇದೆ. ನಡಿಗೆಗೆ ಮಾತ್ರ ದುಡ್ಡಿಲ್ಲ.

ಹಾಡಿಯ ಬಸುರಿಯೊಬ್ಬಳ ಹೆರಿಗೆಯನ್ನೇ ನೋಡಿ. ತಿಂಗಳುಗಟ್ಟಲೆ ತಪಾಸಣೆಗೆ ಹೊರಡಿಸಬೇಕು, ಆಸ್ಪತ್ರೆಯೆಂದರೆ ಹೆದರುವ ಅತ್ತೆಯನ್ನು ಒಪ್ಪಿಸಬೇಕು, ನೋವು ಬಂದ ರಾತ್ರಿ 108ಕ್ಕೆ ಫೋನು ಮಾಡಬೇಕು, ಆಂಬುಲೆನ್ಸ್ ಬರುವಷ್ಟು ದಾರಿಯಿಲ್ಲದಿದ್ದರೆ ಜೀಪಿನವನ ಕಾಲು ಹಿಡಿಯಬೇಕು, ಆಸ್ಪತ್ರೆಯಲ್ಲಿ ಬೆಳಗಿನವರೆಗೂ ‘ಪೇಷಂಟ್ ಕಡೆಯವರು’ ತಾನೇ ಆಗಬೇಕು. ಜನನಿ ಸುರಕ್ಷಾ ಯೋಜನೆಯಲ್ಲಿ ಇದಕ್ಕೆಲ್ಲ ಸೇರಿ ಗ್ರಾಮೀಣ ಪ್ರದೇಶದ ಆಶಾಗೆ ನಿಗದಿಯಾದದ್ದು 600 ರೂಪಾಯಿ: ಬಸಿರಿನ ಕಾಲದ ಆರೈಕೆಗೆ 300, ಆಸ್ಪತ್ರೆ ಹೆರಿಗೆಗೆ 300. ಅದಾದರೂ ಬರಬೇಕಾದರೆ ಪೋರ್ಟಲ್‌ನಲ್ಲಿ ವಿವರ ಏರಬೇಕು. ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ಅದರ ಕಷ್ಟ ಗೊತ್ತು. ಮಾಡಿದ ಕೆಲಸಕ್ಕೂ ಪೋರ್ಟಲ್ ತೋರಿಸಿದ ಕೆಲಸಕ್ಕೂ ತಾಳೆಯಾಗದೆ ಹಣ ಕೈತಪ್ಪುವುದು ರಾಜ್ಯದ ಆಶಾಗಳ ಹಳೆಯ ದೂರು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತರಿ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟ ಮೇಲೆ ಎದ್ದರು. ಆಗಸ್ಟ್‌ನಲ್ಲಿ ಮತ್ತೆ ಪ್ರತಿಭಟನೆಗೆ ಇಳಿಯಬೇಕಾಯಿತು. ‘ಸೇವೆ’ ಎಂದು ಹೊಗಳಿದಷ್ಟೂ ಕೂಲಿ ಕೇಳುವುದು ಕಷ್ಟವಾಗುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮನೆಗೆಲಸಕ್ಕೆ ಬೆಲೆ ಕಟ್ಟಲಾಗದು ಎನ್ನುವವರಿಗೆ ನ್ಯಾಯಾಲಯಗಳ ಉತ್ತರ ಹಳೆಯದು. ಜಮ್‌ಶೆಡ್‌ಪುರದ ಬೆಂಕಿ ದುರಂತದ ಪರಿಹಾರ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿಯಿತು. 2021ರ ಜನವರಿಯಲ್ಲಿ ರಸ್ತೆ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ಕೆಲಸಕ್ಕೆ ಆದಾಯ ನಿಗದಿ ಮಾಡುವುದು ಏಕೆ ಅಗತ್ಯವೆಂದು ವಿಸ್ತಾರವಾಗಿ ಬರೆದರು. ಎರಡೂ ಕಡೆ ಆ ಹೆಂಗಸರು ಸತ್ತಿದ್ದರು. ಬದುಕಿ ಅದೇ ಕೆಲಸ ಮಾಡುತ್ತಿರುವವರ ಬಗ್ಗೆ ಕಾನೂನು ಅಷ್ಟು ಉದಾರಿಯಲ್ಲ.

ಹಾಗೆಂದು ಮನೆಯವರಿಗೆಲ್ಲ ತಿಂಗಳ ಸಂಬಳ ಕೊಟ್ಟುಬಿಡಿ ಎಂಬ ವಾದ ನನ್ನದಲ್ಲ. ಪಕ್ಕದ ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ ಎಂಬ ಯೋಜನೆಯಡಿ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮನ್ನಣೆಯೇನೋ ಸಿಕ್ಕಿತು, ಆದರೆ 600 ರೂಪಾಯಿಗೆ ಎರಡು ದಿನದ ಕೂಲಿಯೂ ಹುಟ್ಟುವುದಿಲ್ಲ. ಇಂಥ ಸಣ್ಣ ಭತ್ಯೆಗಳಿಗೆ ಇನ್ನೊಂದು ಅಪಾಯವಿದೆ: ‘ಸರ್ಕಾರ ದುಡ್ಡು ಕೊಡುತ್ತಲ್ಲ, ನೀನೇ ನೋಡ್ಕೋ’ ಎಂದು ಸೊಸೆಯನ್ನು ಮನೆಯಲ್ಲೇ ಕೂರಿಸಲು ಅದೊಂದು ನೆಪವಾಗಬಹುದು. ನನಗೆ ಹೆಚ್ಚು ಸರಿ ಕಂಡದ್ದು ಆಂಧ್ರದ ದಾರಿ. 2019ರಲ್ಲಿ ಅಲ್ಲಿನ ಸರ್ಕಾರ ಶಸ್ತ್ರಚಿಕಿತ್ಸೆಯಾದ ರೋಗಿಗೆ ಚೇತರಿಕೆಯ ಕಾಲದಲ್ಲಿ ದಿನಕ್ಕೆ 225 ರೂಪಾಯಿ, ತಿಂಗಳಿಗೆ ಗರಿಷ್ಠ 5,000 ಕೊಡುವ ‘ಆರೋಗ್ಯ ಆಸರಾ’ ಆರಂಭಿಸಿತ್ತು. ಆರೋಗ್ಯ ಕರ್ನಾಟಕದ ಪ್ಯಾಕೇಜಿನಲ್ಲಿ ಇಂಥದೊಂದು ಸಾಲು ಸೇರಿಸಿ, ರೋಗಿಯ ಜೊತೆಗೆ ಆರೈಕೆಗೆ ನಿಂತ ಒಬ್ಬರನ್ನೂ ಅದರೊಳಗೆ ತಂದರೆ ಆಗದ ಮಾತೇನಲ್ಲ. ಆಸ್ಪತ್ರೆಗೆ ಕಟ್ಟುವ ಪ್ಯಾಕೇಜ್ ದರದ ಮುಂದೆ ಹತ್ತು ದಿನದ ಕೂಲಿ ದೊಡ್ಡ ಮೊತ್ತವಲ್ಲ.

ದುಡ್ಡಿಗಿಂತ ಮೊದಲು ದಿನ ಉಳಿಸುವ ಕೆಲಸಗಳಿವೆ. ಒಂದೇ ದಾರಿಯ ಡಯಾಲಿಸಿಸ್ ರೋಗಿಗಳಿಗೆ ಒಂದೇ ದಿನ ಸರದಿ ಕೊಟ್ಟು ಒಂದು ವಾಹನದಲ್ಲಿ ತರುವುದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಮ್ಮೆಗೇ ಎರಡು ತಿಂಗಳಿಗೆ ಕೊಡುವುದು. ಕೊನೆಯ ಬಸ್ಸು ಹೋದ ಮೇಲೆ ಡಿಸ್ಚಾರ್ಜ್ ಮಾಡದಿರುವುದು. ಮೈಸೂರಿಗೆ ಕಳಿಸುವಾಗ ಅಲ್ಲಿ ಡಾಕ್ಟರು ನೋಡುವ ದಿನ ಯಾವುದೆಂದು ಇಲ್ಲಿಂದಲೇ ಕೇಳಿ ಹೇಳುವುದು. ಇದಕ್ಕೆ ಬಜೆಟ್ ಭಾಷಣ ಬೇಡ, ಒಂದು ಫೋನು ಸಾಕು. ವಾರ್ಡಿನಲ್ಲಿ ನರ್ಸ್, ಅಟೆಂಡರ್ ಹುದ್ದೆ ತುಂಬಲು ಮಾತ್ರ ಬಜೆಟ್ ಬೇಕು. ಖಾಲಿ ಬಿಟ್ಟ ಒಂದೊಂದು ಹುದ್ದೆಯ ಸಂಬಳವನ್ನೂ ಯಾರೋ ಕೂಲಿ ಹೆಂಗಸು ತನ್ನ ದಿನಗಳಲ್ಲಿ ಕಟ್ಟುತ್ತಿದ್ದಾಳೆ.

ತೋಟಗಳ ಮಟ್ಟದಲ್ಲಿ ನಾನು ಕೇಳುವುದು ವರ್ಷಕ್ಕೆ ಐದು ದಿನ ಹಾಜರಿ ಸಹಿತ ಆರೈಕೆ ರಜೆ. ಹತ್ತು ಆಳಿರುವ ತೋಟಕ್ಕೆ, ನರೇಗಾ ದರದಲ್ಲೇ ಹಿಡಿದರೂ, ವರ್ಷಕ್ಕೆ 18,500 ರೂಪಾಯಿ. ಕಾಫಿಗೆ ಒಳ್ಳೆಯ ದರ ಬಂದ ವರ್ಷ ಅದು ಹೊರೆಯಾಗದು. ದರ ಬಿದ್ದ ವರ್ಷ, ಮಳೆಗೆ ಕಾಯಿ ಉದುರಿದ ವರ್ಷ ಸಣ್ಣ ಬೆಳೆಗಾರನಿಗೆ ಹೊರೆಯೇ. ಹಾಗಾಗಿ ಇಡೀ ಭಾರವನ್ನು ಅವನ ಮೇಲೆ ಹಾಕದೆ ಇಎಸ್‌ಐ ಥರದ ಪಾಲುಗಾರಿಕೆಯ ನಿಧಿಯಿಂದ ಕೊಡಬೇಕು. ಮೇಸ್ತ್ರಿಯ ಗುಂಪಿನಲ್ಲಿ ಅಲೆಯುವವರೂ ಅದರೊಳಗೆ ಬರಬೇಕು. ಆ ರಜೆ ಗಂಡಾಳು ಹೆಣ್ಣಾಳು ಇಬ್ಬರಿಗೂ ಇರಬೇಕು, ಒಬ್ಬರದ್ದನ್ನು ಇನ್ನೊಬ್ಬರ ಹೆಸರಿಗೆ ಬರೆಸಿಕೊಳ್ಳಲು ಬಾರದಂತಿರಬೇಕು. ಹೆಂಗಸರಿಗೆ ಮಾತ್ರ ಎಂದು ಮಾಡಿದರೆ ಮೇಸ್ತ್ರಿ ಮುಂದಿನ ಕುಯ್ಲಿಗೆ ಗಂಡಾಳುಗಳನ್ನೇ ಹುಡುಕಿ ತರುತ್ತಾನೆ, ಮನೆಯಲ್ಲಿ ಮಲಗಿದವರ ಪಕ್ಕಕ್ಕೆ ಹೆಂಗಸರನ್ನು ಕಳಿಸಲು ಇನ್ನೊಂದು ಕಾರಣ ಸಿಕ್ಕಿಬಿಡುತ್ತದೆ.